ಒಟ್ಟು ಒಂದು, ಹಾಜರು ಒಂದು

ಗೋದಾವರಿ ಟೀಚರಿಗೆ ಸಿಟ್ಟು ಬರಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ನಿಮ್ಮ ಏಳನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಎಂದು ಕೇಳಿದರೆ ಸಾಕು. ಎಷ್ಟು ಬೇಕಿತ್ತು ನಿಮಗೆ ಎಂದು ತಿರುಗಿ ಕೇಳಿಯಾರು. ಯಾಕೆಂದರೆ ಇದ್ದದ್ದು ಒಂದೇ ಒಂದು. ಹೆಸರು ಹಸ್ನಾ.

ಸುಳ್ಯದಿಂದ ಮಂಡೆಕೋಲಿನ ಕಡೆಗೆ ಹೋಗುವಾಗ, ಕೇರಳದ ಗಡಿ ಇನ್ನು ಮೂರು ಕಿಲೋಮೀಟರ್ ಇದೆ ಎನ್ನುವಲ್ಲಿ, ಆ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಎಂಟರವರೆಗೆ ತರಗತಿಗಳಿವೆ ಎಂದು ಗೇಟಿನ ಬೋರ್ಡು ಹೇಳುತ್ತದೆ. ಬೋರ್ಡಿಗೇನು, ಹೇಳುತ್ತದೆ. ಒಂದರಿಂದ ಐದರವರೆಗಿನ ಹದಿನೇಳು ಮಕ್ಕಳನ್ನು ಅತಿಥಿ ಶಿಕ್ಷಕಿ ಭವಿತಾ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಹೇಗೋ ಸುಧಾರಿಸುತ್ತಿದ್ದಳು. ಆರರಲ್ಲಿ ಯಾರೂ ಇಲ್ಲ, ಎಂಟರಲ್ಲೂ ಯಾರೂ ಇಲ್ಲ. ನಡುವಿನ ಏಳರಲ್ಲಿ ಹಸ್ನಾ, ಅವಳ ಎದುರಿಗೆ ಕುರ್ಚಿ ಹಾಕಿಕೊಂಡು ಗೋದಾವರಿ ಟೀಚರು. ಮುಖ್ಯೋಪಾಧ್ಯಾಯಿನಿ ಅವರೇ, ಗಣಿತಕ್ಕೂ ಅವರೇ, ಕನ್ನಡಕ್ಕೂ ಅವರೇ, ಗಂಟೆ ಹೊಡೆಯುವುದಕ್ಕೂ ಹಲವು ಸಲ ಅವರೇ.

ಇಪ್ಪತ್ತೆರಡು ವರ್ಷಗಳ ಹಿಂದೆ ಅವರು ಇಲ್ಲಿಗೆ ಬಂದಾಗ ಏಳನೆಯ ತರಗತಿಯೊಂದರಲ್ಲೇ ನಲವತ್ತಮೂರು ಮಕ್ಕಳಿದ್ದರು. ಒಂದು ಬೆಂಚಿನಲ್ಲಿ ನಾಲ್ವರು, ನಾಲ್ವರದ್ದು ನಾಲ್ಕು ಮನೆಮಾತು. ಬ್ಯಾರಿ, ತುಳು, ಅರೆಭಾಷೆ, ಮಲಯಾಳ. ಜಗಳ ಮಾತ್ರ ಕನ್ನಡದಲ್ಲಿ, ಟೀಚರಿಗೆ ಅರ್ಥವಾಗಿ ನ್ಯಾಯ ಸಿಗಬೇಕಲ್ಲ. ಆಮೇಲೆ ಹಳದಿ ವ್ಯಾನುಗಳು ಬಂದವು. ಮೊದಲು ಗಲ್ಫಿನಲ್ಲಿದ್ದವರ ಮಕ್ಕಳು ಹತ್ತಿದರು, ಮತ್ತೆ ತೋಟವಿದ್ದವರ ಮಕ್ಕಳು, ಕೊನೆಗೆ ಆ ತೋಟಗಳಲ್ಲಿ ದುಡಿಯುವವರ ಮಕ್ಕಳು. ಜಾತಿ ಮತ ಭೇದವಿಲ್ಲದೆ ಈ ಊರಿನವರು ಒಟ್ಟಾಗಿ ಮಾಡಿದ ಕೆಲಸ ಅದೊಂದೇ ಎಂದು ಟೀಚರು ಹೇಳುವುದುಂಟು. ಹೋದ ಜೂನಿನಲ್ಲಿ ಹಸ್ನಾಳ ಜೊತೆಗಿದ್ದ ಶಾನವಾಝ್ ಸುಳ್ಯಕ್ಕೆ ಹೋದ, ಅವಳ ಬೆಂಚಿನ ಚಿನ್ಮಯೀ ಪುತ್ತೂರಿಗೆ ಹೋದಳು. ಹಸ್ನಾಳ ಅಪ್ಪ, ಅವಳ ಬಾಯಲ್ಲಿ ಉಪ್ಪ, ನೌಷಾದ್ ಮಾತ್ರ ಮಗಳನ್ನು ಬಿಡಿಸಲಿಲ್ಲ. ಅವನಿಗೆ ಸುಳ್ಯ ಪೇಟೆಯಲ್ಲಿ ಚಪ್ಪಲಿ ಅಂಗಡಿ, ಕೂಡಿಸಿ ಕಳೆಯುವುದನ್ನು ಅವನಿಗೆ ಕಲಿಸಿದವರು ಇದೇ ಗೋದಾವರಿ ಟೀಚರು. ಆ ನಲವತ್ತಮೂರು ಮಂದಿಯಲ್ಲಿ ಅವನೂ ಒಬ್ಬ.

ಒಬ್ಬಳೇ ಇದ್ದರೂ ತರಗತಿ ಎಂದ ಮೇಲೆ ತರಗತಿಯೇ. ಪ್ರತಿದಿನ ಬೆಳಿಗ್ಗೆ ಕರಿಹಲಗೆಯ ಎಡ ಮೂಲೆಯಲ್ಲಿ ತರಗತಿಯ ನಾಯಕಿ ಚೌಕ ಎಳೆದು ಬರೆಯಬೇಕು: ಗಂಡು ಸೊನ್ನೆ, ಹೆಣ್ಣು ಒಂದು, ಒಟ್ಟು ಒಂದು, ಹಾಜರು ಒಂದು. ನಾಯಕಿ ಹಸ್ನಾ. ಅವಿರೋಧ ಆಯ್ಕೆ. ಬಲ ಮೂಲೆಯಲ್ಲಿ 'ಮಾತನಾಡಿದವರು' ಎಂದು ಬರೆದು ಅಡಿಗೆರೆ ಹಾಕುವುದೂ ಈ ಶಾಲೆಯ ಹಳೆಯ ಪದ್ಧತಿ. ಟೀಚರು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಹಸ್ನಾ ಅಲ್ಲಿ ತನ್ನ ಹೆಸರನ್ನು ತಾನೇ ಬರೆದಿಡುತ್ತಿದ್ದಳು. ಕೆಲವು ದಿನ ಹೆಸರಿನ ಮುಂದೆ ಎರಡು ಗುಣಾಕಾರ ಚಿಹ್ನೆ ಇರುತ್ತಿದ್ದವು, ಮತ್ತೆ ಮತ್ತೆ ಮಾತಾಡಿದ್ದಕ್ಕೆ. ಯಾರ ಹತ್ತಿರ ಮಾತಾಡಿದ್ದು ಮಾರಾಯ್ತಿ ಎಂದು ಟೀಚರು ಕೇಳಿದರೆ, ಬಾಯಿಪಾಠ ಹೇಳುವಾಗ ನಡುವೆ ಬೇರೆ ಮಾತು ಬಂತು ಎನ್ನುತ್ತಿದ್ದಳು. ಮೊದಮೊದಲು ಟೀಚರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆಮೇಲೊಂದು ದಿನ ನಗುವನ್ನು ಅರ್ಧಕ್ಕೇ ನಿಲ್ಲಿಸಿದರು, ಮತ್ತೆ ಆ ಬಗ್ಗೆ ಕೇಳಲಿಲ್ಲ.

ಟೀಚರಿಗೆ ಈಗ ಐವತ್ತನಾಲ್ಕು. ಆಲೆಟ್ಟಿಯ ರಸ್ತೆ ಬದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರ ಸಂಖ್ಯೆಯೂ ಶಾಲೆಯ ಮಕ್ಕಳ ಸಂಖ್ಯೆಯ ಹಾಗೆಯೇ ಇಳಿಯುತ್ತಾ ಬಂದು ಈಗ ಸೊನ್ನೆಗೆ ನಿಂತಿತ್ತು. ಸಂಜೆ ನಾಲ್ಕೂವರೆಗೆ ಶಾಲೆಯ ಬೀಗ ಹಾಕಿದರೆ ಮರುದಿನ ಒಂಬತ್ತೂವರೆಯವರೆಗೆ ಅವರು ಬಾಯಿ ತೆರೆಯುವುದು ಬಸ್ಸಿನಲ್ಲಿ ಟಿಕೇಟು ಕೇಳುವಾಗ ಮಾತ್ರ. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತು ಅವರಿಗೆ ದೊಡ್ಡದು. ಅವರೂ ಹಸ್ನಾಳೂ ಎದುರು ಬದುರು ತಟ್ಟೆ ಇಟ್ಟುಕೊಂಡು ಕೂರುತ್ತಿದ್ದರು. ಅಜ್ಜಿ ಮೈಮೂನಮ್ಮನ ಮೊಣಕಾಲು ನೋವು, ಅಣ್ಣ ಅಫ್ರೀದ್ ಕ್ರಿಕೆಟಿನಲ್ಲಿ ಒಡೆದ ಗಾಜು, ಯಾರ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲ ವರದಿ ಅಲ್ಲಿ ಒಪ್ಪಿಸಲ್ಪಡುತ್ತಿತ್ತು. ಶನಿವಾರ ಅರ್ಧ ದಿನವೆಂದರೆ ಟೀಚರಿಗೆ ಬೇಸರ. ಇದನ್ನು ಅವರು ಯಾರಿಗೂ ಹೇಳಿದವರಲ್ಲ.

ನವೆಂಬರಿನಲ್ಲಿ ಸುಳ್ಯದಲ್ಲಿ ಅರ್ಧವಾರ್ಷಿಕ ಫಲಿತಾಂಶದ ಪ್ರಗತಿ ಪರಿಶೀಲನಾ ಸಭೆ ನಡೆಯಿತು. ಗೋಡೆಯ ಮೇಲಿನ ಪರದೆಯಲ್ಲಿ ಶಾಲೆವಾರು ಅಂಕಿಅಂಶ. ಗೋದಾವರಿ ಟೀಚರ ಶಾಲೆಯ ಸಾಲು ಬಂದಾಗ ಸಭೆಗೆ ಸಭೆಯೇ ಕತ್ತೆತ್ತಿ ನೋಡಿತು. ಏಳನೆಯ ತರಗತಿ ತೇರ್ಗಡೆ ಶೇಕಡಾ ನೂರು. ಎ ಪ್ಲಸ್ ಪಡೆದವರು ಶೇಕಡಾ ನೂರು. ಹೆಣ್ಣುಮಕ್ಕಳ ಸಾಧನೆ ಶೇಕಡಾ ನೂರು. ಅಲ್ಪಸಂಖ್ಯಾತ ಮಕ್ಕಳ ಸಾಧನೆ ಶೇಕಡಾ ನೂರು. ಹೊಸದಾಗಿ ಬಂದ ಅಧಿಕಾರಿ ಖುಷಿಯಾಗಿ ಚಪ್ಪಾಳೆ ತಟ್ಟಿಸಿದರು. ಹಿಂದಿನ ಸಾಲಿನಿಂದ ಯಾರೋ, ಅಲ್ಲಿ ಒಂದು ಮಗುವಿಗೆ ಜ್ವರ ಬಂದರೆ ಇಡೀ ತರಗತಿಗೇ ಜ್ವರ ಅಂತ ಬರೆಯಬೇಕಾದೀತು ಎಂದರು. ನಗು ಎದ್ದಿತು. ಟೀಚರು ಮುಖ ಗಂಟು ಹಾಕಿಕೊಂಡು ಕೂತರು. ನಗುವವರು ನಗಲಿ, ತನ್ನ ಹುಡುಗಿ ನಿಜವಾಗಿಯೂ ಜಾಣೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿತ್ತು ಎಂದು ಅವರು ತಿಳಿದಿದ್ದರು.

ಆ ಸಭೆಯಲ್ಲೇ ಇನ್ನೊಂದು ಸುದ್ದಿ ಸಿಕ್ಕಿತು. ಕಡಬದ ಕಡೆಯ ಒಂದು ಸರಕಾರಿ ವಸತಿ ಶಾಲೆಯಲ್ಲಿ ಎಂಟನೆಯ ತರಗತಿಗೆ ಹೆಣ್ಣುಮಕ್ಕಳ ಆರು ಸೀಟು ಖಾಲಿ ಇದೆ, ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಪ್ರವೇಶ ಪರೀಕ್ಷೆ. ಮರುದಿನ ಊಟದ ಹೊತ್ತಿಗೆ ಟೀಚರು ಇದನ್ನು ಹೇಳಿದಾಗ ಹಸ್ನಾ ಊಟ ಹೇಗೆ, ಹಾಸ್ಟೆಲು ಹೇಗೆ ಎಂದು ಏನೂ ಕೇಳಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತಾ ಒಂದೇ ಪ್ರಶ್ನೆ ಕೇಳಿದಳು.

"ಅಲ್ಲಿ ಒಂದು ಬೆಂಚಿಗೆ ಎಷ್ಟು ಜನ ಟೀಚರ್?"

ಮೂರು ಮಂದಿ ಇರಬಹುದು ಎಂದರು ಟೀಚರು. ಹಸ್ನಾ ಕೂತಲ್ಲೇ ಸ್ವಲ್ಪ ಬಲಕ್ಕೆ ಸರಿದಳು, ಆಗಲೇ ಯಾರೋ ಪಕ್ಕಕ್ಕೆ ಬಂದವರ ಹಾಗೆ. ಅರ್ಜಿ ಹಾಕಲೇಬೇಕು ಎಂದು ಟೀಚರಿಗೆ ಅನಿಸಿದ್ದು ಆಗ. ಅವಳು ಹೋದರೆ ಎಂಟನೆಯ ತರಗತಿಯೂ ಇಲ್ಲ, ಏಳನೆಯದೂ ಇಲ್ಲ, ತಾನು ಹೆಚ್ಚುವರಿ ಶಿಕ್ಷಕಿಯಾಗಿ ಎಲ್ಲಿಗೋ ಹೋಗಬೇಕಾದೀತು ಎಂಬುದೂ ತಲೆಗೆ ಬಂತು. ಬಂದದ್ದನ್ನು ಅಲ್ಲಿಯೇ ಅದುಮಿ ನೌಷಾದನಿಗೆ ಫೋನು ಮಾಡಿದರು. ಮೈಮೂನಮ್ಮನನ್ನು ಒಪ್ಪಿಸಲು ಮನೆಗೇ ಹೋಗಿ ಎರಡು ಲೋಟ ಚಾ ಕುಡಿಯಬೇಕಾಯಿತು.

ಜನವರಿ ಕೊನೆಗೆ ಸುಳ್ಯದಲ್ಲಿ ಒಂದು ಮಾದರಿ ಪರೀಕ್ಷೆ ಇಟ್ಟರು. ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಹಸ್ನಾಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಎಂದುಕೊಂಡು ಟೀಚರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಸಂಜೆ ಅಂಕ ಬಂತು. ನೂರಕ್ಕೆ ಇಪ್ಪತ್ತೊಂಬತ್ತು.

ಅದು ಬೇರೆ ಯಾರದ್ದೋ ಪೇಪರು, ಅದಲು ಬದಲಾಗಿದೆ ಎಂದು ಟೀಚರು ಅಲ್ಲೇ ರೇಗಿದರು. ಕೋಣೆಯ ಮೇಲ್ವಿಚಾರಣೆಗಿದ್ದ ಪ್ರಸನ್ನ ಮಾಸ್ಟ್ರು ಹಳೆಯ ಪರಿಚಯದವರು. ಅವರು ಟೀಚರನ್ನು ಬದಿಗೆ ಕರೆದರು. ಹುಡುಗಿ ಕಾಪಿ ಹೊಡೆದಿಲ್ಲ, ಅತ್ತಿತ್ತ ನೋಡಿದ್ದೂ ಇಲ್ಲ ಎಂದರು. ಆಮೇಲೆ ತಲೆ ತುರಿಸಿಕೊಂಡು ಹೇಳಿದರು:

"ಎರಡು ಗಂಟೆಯೂ ನನ್ನ ಮುಖವನ್ನೇ ನೋಡಿದ್ದು ಮಾರಾಯ್ರೆ ಅವಳು. ಒಂದು ಉತ್ತರದ ಮೇಲೆ ಪೆನ್ಸಿಲು ಇಡುದು, ನನ್ನ ಮುಖ ನೋಡುದು. ಇನ್ನೊಂದರ ಮೇಲೆ ಇಡುದು, ಮತ್ತೆ ನೋಡುದು. ನನಗೆಂತ ಗೊತ್ತು, ನಾನು ಸುಮ್ಮನೆ ನಿಂತೆ. ಕಡೆಗೆ ಅವಳಿಗೆ ಕಣ್ಣಲ್ಲಿ ನೀರು ಬಂತು."

ಗೋದಾವರಿ ಟೀಚರು ಮತ್ತೆ ಕಟ್ಟೆಯ ಮೇಲೆ ಕೂತರು. ಇಡೀ ವರ್ಷ ಕಣ್ಣೆದುರೇ ನಡೆದದ್ದು ಈಗ ಕಾಣಿಸಿತು. ಹಸ್ನಾ ಮೊದಲು ಪೆನ್ಸಿಲಿನಲ್ಲಿ ಬರೆಯುವುದು, ತಲೆಯೆತ್ತಿ ಒಂದು ಕ್ಷಣ ನಿಲ್ಲುವುದು, ಕೆಲವೊಮ್ಮೆ ರಬ್ಬರು ತೆಗೆದುಕೊಂಡು ಅಳಿಸುವುದು, ಆಮೇಲೆ ಪೆನ್ನು ಹಿಡಿಯುವುದು. ಎಷ್ಟು ಯೋಚನೆ ಮಾಡಿ ಬರೆಯುತ್ತಾಳೆ ಎಂದು ತಾನು ಹೆಮ್ಮೆಪಟ್ಟದ್ದೇನು, ಪರೀಕ್ಷೆಯ ದಿನವೂ ಒಂದೂವರೆ ಅಡಿ ದೂರದಲ್ಲಿ ಎದುರಿಗೇ ಕುರ್ಚಿ ಹಾಕಿಕೊಂಡು ಕೂತದ್ದೇನು. ನಲವತ್ತಮೂರು ಮಂದಿಯಿದ್ದಾಗ ಟೀಚರ ಮುಖ ಯಾರಿಗೂ ಪುರುಸೊತ್ತಿನಲ್ಲಿ ನೋಡಲು ಸಿಗುತ್ತಿರಲಿಲ್ಲ. ಇವಳಿಗೆ ನೋಡಲು ಬೇರೆ ಮುಖವೇ ಇರಲಿಲ್ಲ.

ಆ ಸಂಜೆ ಮನೆಯಲ್ಲಿ ಟೀಚರು ಕನ್ನಡಿಯ ಮುಂದೆ ನಿಂತು ಒಂಬತ್ತು ಏಳಲ ಅರುವತ್ತೊಂದು ಎಂದು ಬೇಕೆಂದೇ ತಪ್ಪು ಹೇಳಿ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಮರುದಿನ ಬಿಸಿಯೂಟದ ಅಡುಗೆಯ ಆಸ್ಯಮ್ಮನನ್ನು ಕೇಳಿದರು, ನನ್ನ ಮುಖ ನೋಡಿದರೆ ನಿನಗೆ ಏನಾದರೂ ಗೊತ್ತಾಗುತ್ತದಾ ಎಂದು. ಆಸ್ಯಮ್ಮ ಸೌಟು ಕೆಳಗಿಟ್ಟು ನಕ್ಕುಬಿಟ್ಟಳು. "ನಿಮ್ಮ ಎಡ ಹುಬ್ಬು ಉಂಟಲ್ಲ ಟೀಚರ್, ಸಾರಿಗೆ ಉಪ್ಪು ಕಮ್ಮಿಯಾದರೆ ಅದು ಮೇಲೆ ಹೋಗ್ತದೆ. ನೀವು ಬಾಯಿ ಬಿಟ್ಟು ಹೇಳ್ಬೇಕಾ ನನಗೆ?"

ಪರೀಕ್ಷೆಗೆ ಇನ್ನು ಮೂರು ವಾರ. ಟೀಚರು ಹಸ್ನಾಳನ್ನು ಕೂರಿಸಿ ನೇರವಾಗಿ ಹೇಳಿದರು, ನೀನು ಉತ್ತರ ಬರೆಯುವುದು ನನ್ನ ಮುಖ ನೋಡಿ, ಅಲ್ಲಿ ನಾನು ಇರುವುದಿಲ್ಲ ಎಂದು. ಬೈಯಲಿಲ್ಲ. ಹಸ್ನಾ ತಬ್ಬಿಬ್ಬಾದಳು. ಅವಳು ಕದ್ದು ಮಾಡಿದ್ದಲ್ಲ.

"ಎಲ್ಲರೂ ಹಾಗೆಯೇ ಅಲ್ವಾ ಟೀಚರ್?" ಎಂದಳು. "ಮತ್ತೆ ಸರಿ ಅಂತ ಗೊತ್ತಾಗುದು ಹೇಗೆ?"

ಟೀಚರು ಕುರ್ಚಿ ಎತ್ತಿಕೊಂಡು ಹೋಗಿ ಕೋಣೆಯ ಕಟ್ಟಕಡೆಯ ಮೂಲೆಯಲ್ಲಿ, ಹಸ್ನಾಳ ಬೆನ್ನ ಹಿಂದೆ ಹಾಕಿಕೊಂಡರು. ದಿನಕ್ಕೊಂದು ಪೇಪರು. ಹಸ್ನಾ ಹಿಂತಿರುಗಿದರೆ ಟೀಚರು ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಮೊದಲ ದಿನ ಮೂವತ್ತೊಂದು ಅಂಕ. ಎರಡನೆಯ ದಿನ ಇಪ್ಪತ್ತಾರು. ಮೂರನೆಯ ದಿನ ಹಸ್ನಾ ಅರ್ಧಕ್ಕೇ ಪೆನ್ಸಿಲು ಇಟ್ಟು, ಟೀಚರ್ ನನ್ನ ಮೇಲೆ ಕೋಪವಾ ಎಂದು ಕರಿಹಲಗೆಯನ್ನು ನೋಡುತ್ತಾ ಕೇಳಿದಳು. ಇಲ್ಲ, ಬರಿ ಎಂದರು ಟೀಚರು ಪತ್ರಿಕೆಯ ಹಿಂದಿನಿಂದ. ಎದ್ದು ಹೋಗಿ ಅವಳ ತಲೆ ಸವರಬೇಕು ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತರು.

ಊಟವನ್ನೂ ಬೇರೆ ಮಾಡಿದರು. ಎದುರು ಕೂತರೆ ಬೆಳಗಿನ ಪೇಪರು ಹೇಗಾಗಿದೆ ಎಂದು ಈ ಹಾಳು ಹುಬ್ಬು ಹೇಳಿಬಿಟ್ಟೀತು ಎಂಬ ಹೆದರಿಕೆ. ಹಸ್ನಾ ಚಿಕ್ಕ ಮಕ್ಕಳ ಸಾಲಿನ ಕೊನೆಗೆ ಹೋಗಿ ಕೂರತೊಡಗಿದಳು. ಟೀಚರು ಆಫೀಸಿನಲ್ಲಿ ದಾಖಲಾತಿ ರಿಜಿಸ್ಟರಿನ ಪಕ್ಕ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಮೈಮೂನಮ್ಮನ ಮೊಣಕಾಲು ಹೇಗಿದೆ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಬೆಕ್ಕಿನ ಮರಿಗಳು ಕಣ್ಣು ಬಿಟ್ಟವೋ ಇಲ್ಲವೋ ಅದೂ ತಿಳಿಯಲಿಲ್ಲ.

ಅಂಕ ಮಾತ್ರ ಏರುತ್ತಾ ಬಂತು. ಮೂವತ್ತೆಂಟು, ನಲವತ್ತೇಳು, ಐವತ್ತೆರಡು. ಹಿಂತಿರುಗಿ ನೋಡುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಎರಡನೆಯ ವಾರದ ಕೊನೆಗೆ ಅವಳು ಪೆನ್ಸಿಲು ಬಿಟ್ಟು ಸೀದಾ ಪೆನ್ನಿನಲ್ಲಿ ಗುರುತು ಹಾಕತೊಡಗಿದಳು. ಅರುವತ್ತೆಂಟು ಬಂದ ದಿನ ಪೇಪರನ್ನು ಅವಳ ಬೆಂಚಿನ ಮೇಲಿಟ್ಟು ಟೀಚರು ಅವಸರವಾಗಿ ಹೊರಗೆ ಹೋದರು, ಕೊಳವೆಬಾವಿಯ ಹತ್ತಿರ ನಿಂತು ಒಬ್ಬರೇ ನಕ್ಕರು. ಒಳಗೆ ಬಂದು ನೋಡಿದರೆ ಕರಿಹಲಗೆಯ ಬಲ ಮೂಲೆಯಲ್ಲಿ 'ಮಾತನಾಡಿದವರು' ಎಂದು ಬರೆದ ಅಡಿಗೆರೆಯ ಕೆಳಗೆ ಖಾಲಿ. ನಿನ್ನೆಯೂ ಖಾಲಿ ಇತ್ತು. ಎಷ್ಟು ದಿನದಿಂದ ಖಾಲಿ ಇದೆ ಎಂದು ಯೋಚಿಸಿದರೆ ನೆನಪಾಗಲಿಲ್ಲ.

ಪುತ್ತೂರಿಗೆ ಹಸ್ನಾಳನ್ನು ನೌಷಾದನೇ ಕರೆದುಕೊಂಡು ಹೋದ. ಟೀಚರು ಬರುವುದಿಲ್ಲ ಎಂದುಬಿಟ್ಟರು. ಬಂದರೆ ಗೇಟಿನ ಹೊರಗಿದ್ದರೂ ಅವಳು ಕಿಟಕಿಯಲ್ಲಿ ಹುಡುಕಿಯಾಳು ಎಂದು ಅವರ ಲೆಕ್ಕಾಚಾರ. ಆ ದಿನ ಏಳನೆಯ ತರಗತಿಯ ಚೌಕವನ್ನು ಅವರೇ ತುಂಬಿದರು: ಒಟ್ಟು ಒಂದು, ಹಾಜರು ಸೊನ್ನೆ. ಆಮೇಲೆ ಹಸ್ನಾಳ ಬೆಂಚಿನಲ್ಲಿ ಕೂತು ನೋಡಿದರು. ಅಲ್ಲಿಂದ ಕಾಣುವುದು ಕರಿಹಲಗೆ, ಗೋಡೆಯ ಭೂಪಟ, ಟೀಚರ ಕುರ್ಚಿ ಇದ್ದ ಜಾಗ. ಅಷ್ಟೇ.

ಪ್ರವೇಶ ಪರೀಕ್ಷೆ ಮುಗಿದರೂ ವಾರ್ಷಿಕ ಪರೀಕ್ಷೆ ಇತ್ತಲ್ಲ, ಕುರ್ಚಿ ಹಿಂದಿನ ಮೂಲೆಯಲ್ಲೇ ಉಳಿಯಿತು, ಊಟವೂ ಬೇರೆಯಾಗಿಯೇ ಉಳಿಯಿತು. ಏಪ್ರಿಲ್ ಹತ್ತಕ್ಕೆ ಶಾಲೆಯ ಕೊನೆಯ ದಿನ, ಫಲಿತಾಂಶ ಓದುವ ದಿನ. ಹದಿನೇಳು ಮಕ್ಕಳ ಹೆಸರು ಓದಿ, ಏಳನೆಯ ತರಗತಿ ಒಟ್ಟು ಒಂದು, ತೇರ್ಗಡೆ ಒಂದು, ಶೇಕಡಾ ನೂರು ಎಂದು ಟೀಚರು ಓದಿ ಮುಗಿಸಿದರು. ಹಸ್ನಾ ಬಂದಿರಲಿಲ್ಲ. ವಸತಿ ಶಾಲೆಯ ಪಟ್ಟಿ ಅದೇ ಬೆಳಿಗ್ಗೆ ಸುಳ್ಯದಲ್ಲಿ ಹಾಕುತ್ತಾರೆ ಎಂದು ಅಪ್ಪನ ಜೊತೆ ಹೋಗಿದ್ದಳು. ಮಕ್ಕಳೆಲ್ಲ ಹೋದರು, ಭವಿತಾಳೂ ಹೋದಳು. ಟೀಚರು ಬೀಗ ಹಾಕದೆ ಏಳನೆಯ ತರಗತಿಯಲ್ಲಿ ಕಾದು ಕೂತರು.

ಹನ್ನೆರಡಕ್ಕೆ ಹಸ್ನಾ ಬಂದಳು. ಕೈಯಲ್ಲಿ ಮಡಚಿದ ಕಾಗದ. ಅವಳು ಬಾಗಿಲು ದಾಟುವಷ್ಟರಲ್ಲಿ ಟೀಚರು ಅವಳ ಮುಖವನ್ನು ಹುಡುಕಿದರು, ಕಣ್ಣಲ್ಲಿ ಏನಿದೆ, ತುಟಿಯಲ್ಲಿ ಏನಿದೆ. ಏನೂ ಗೊತ್ತಾಗಲಿಲ್ಲ. ಹುಡುಗಿ ಮೊದಲು ಕರಿಹಲಗೆಗೆ ಹೋಗಿ ಚೌಕ ಎಳೆದು ಒಟ್ಟು ಒಂದು, ಹಾಜರು ಒಂದು ಎಂದು ಬರೆದಳು. ಎಂತಾಯ್ತು ಎಂದು ಟೀಚರು ಬಾಯಿ ಬಿಟ್ಟು ಕೇಳಬೇಕಾಯಿತು.

"ನಾಲ್ಕನೇ ಹೆಸರು ನನ್ನದು ಟೀಚರ್. ಸೀಟು ಸಿಕ್ಕಿತು."

ಹೇಳಿ, ಎಷ್ಟೋ ವಾರಗಳ ಮೇಲೆ ಮೊದಲ ಸಲ, ತಲೆಯೆತ್ತಿ ನೇರ ಟೀಚರ ಮುಖ ನೋಡಿದಳು.

ಟೀಚರು ನಕ್ಕರು. ಭೇಷ್ ಮಗಾ ಎಂದರು. ಬಾಯಿ ಹೇಳಬೇಕಾದದ್ದನ್ನೆಲ್ಲ ಹೇಳಿತು. ಆದರೆ ಆ ಮುಖ ಯಾವತ್ತು ಅವರ ಮಾತು ಕೇಳಿತ್ತು? ಹಸ್ನಾ ನೋಡುತ್ತಾ ನಿಂತಳು. ಅವಳ ತುಟಿಯಂಚಿಗೆ ಬಂದಿದ್ದ ನಗು ಮೆಲ್ಲಗೆ ಹಿಂದೆ ಹೋಯಿತು. ಕಾಗದವನ್ನು ಇನ್ನೊಂದು ಸಲ ಮಡಚಿದಳು.

"ಉಪ್ಪ ಇನ್ನೂ ಸಹಿ ಹಾಕ್ಲಿಲ್ಲ ಟೀಚರ್," ಎಂದಳು. "ಬೇಡ ಅಂತ ಹೇಳ್ಬಹುದು. ಎಂಟನೇ ಕ್ಲಾಸು ಇಲ್ಲಿಯೂ ಉಂಟಲ್ಲ."

ಟೀಚರಿಗೆ ಅರ್ಥವಾಯಿತು. ಹುಡುಗಿ ಉತ್ತರ ಬರೆದು ಮುಖ ನೋಡಿದ್ದಾಳೆ, ತಪ್ಪು ಎಂದು ಕಂಡಿದೆ, ರಬ್ಬರು ಕೈಗೆತ್ತಿಕೊಂಡಿದ್ದಾಳೆ. ಸುಮ್ಮನಿದ್ದರೆ ಸಾಕಿತ್ತು. ಇನ್ನೊಂದು ವರ್ಷ, ಎದುರು ಬದುರು ಇನ್ನೂರು ಊಟ. ಬೇಕು ಎಂದು ಅವರಿಗೆ ಅನಿಸಿತು. ಯಾರೂ ಅವರನ್ನು ತಪ್ಪು ಎನ್ನುತ್ತಿರಲಿಲ್ಲ, ಹುಡುಗಿ ತಾನೇ ಬೇಡ ಎಂದಳು ಎಂದರೆ ಮುಗಿಯಿತು.

ಅವರು ಎದ್ದು ಹುಡುಗಿಗೆ ಬೆನ್ನು ಹಾಕಿ ಕರಿಹಲಗೆಯ ಕಡೆಗೆ ತಿರುಗಿ ನಿಂತರು.

"ನನ್ನ ಮುಖ ನೋಡ್ಬೇಡ ಹಸ್ನಾ. ಅದರಲ್ಲಿ ಇರುದು ನನ್ನ ಉತ್ತರ, ನಿನ್ನದಲ್ಲ. ನಿನಗೆ ಹೋಗ್ಬೇಕಾ, ಬೇಡ್ವಾ?"

ಹೊರಗೆ ಆಸ್ಯಮ್ಮ ಪಾತ್ರೆ ಮಗುಚಿ ಹಾಕುವುದು ಕೇಳಿಸುತ್ತಿತ್ತು. ಅದರ ನಡುವೆ ಹಿಂದಿನಿಂದ ಸಣ್ಣ ಸ್ವರದಲ್ಲಿ ಉತ್ತರ ಬಂತು.

"ಹೋಗ್ಬೇಕು."

"ಹಾಗಾದರೆ ಇವತ್ತೇ ಸಹಿ ಹಾಕಿಸು. ಹೋಗು, ಉಪ್ಪ ಕಾಯ್ತಾ ಇರ್ಬಹುದು."

ಹೆಜ್ಜೆ ಸದ್ದು ಬಾಗಿಲವರೆಗೆ ಹೋಯಿತು, ಅಲ್ಲಿ ನಿಂತಿತು. ಬೆಕ್ಕಿನ ಮರಿಗಳು ನಾಲ್ಕೂ ದೊಡ್ಡದಾಗಿವೆ ಟೀಚರ್, ಒಂದು ನಿಮಗೆ ತಂದು ಕೊಡ್ತೇನೆ ಎಂದು ಹೇಳಿತು ಆ ಸ್ವರ. ಟೀಚರು ತಲೆಯಾಡಿಸಿದರು, ತಿರುಗಲಿಲ್ಲ. ಗೇಟು ಕಿರ್ರೆಂದು ಮುಚ್ಚಿಕೊಳ್ಳುವವರೆಗೂ ಹಾಗೆಯೇ ನಿಂತಿದ್ದರು. ಆಮೇಲೆ, ಬಸ್ಸಿನಲ್ಲಿ ಕಿಟಕಿ ಬದಿಗೆ ಕೂತುಕೋ, ಜಾಗ್ರತೆ ಎಂದು ಗಟ್ಟಿಯಾಗಿಯೇ ಹೇಳಿದರು. ಕೇಳುವವರು ಯಾರೂ ಇರಲಿಲ್ಲ.

ಎಡ ಮೂಲೆಯಲ್ಲಿ ಒಟ್ಟು ಒಂದು, ಹಾಜರು ಒಂದು ಎಂದು ಅವಳ ಅಕ್ಷರದಲ್ಲಿ ಇತ್ತು. ಅದನ್ನು ಅಳಿಸಲು ಕೈ ಬರಲಿಲ್ಲ. ಟೀಚರು ಸೀಮೆಸುಣ್ಣದ ತುಂಡನ್ನು ಎತ್ತಿಕೊಂಡು ಬಲ ಮೂಲೆಗೆ ಹೋದರು. 'ಮಾತನಾಡಿದವರು' ಎಂಬುದರ ಕೆಳಗೆ ಗೋದಾವರಿ ಎಂದು ಬರೆದು, ಆಫೀಸಿನಿಂದ ಬೀಗ ತರಲು ಹೊರಗೆ ನಡೆದರು.